ಹಿರಿಯಡ್ಕದ ಮೂರೂವರೆ ಎಕರೆ: ಮಾನಸಿಕ ಆರೋಗ್ಯ ಕೇಂದ್ರ ಕಟ್ಟುವಾಗ ಮರ, ಮಳೆ, ಅಂಗಳ ಹೇಗೆ ಉಳಿಸಿಕೊಳ್ಳುವುದು?

ಬೆಟ್ಟುಮನೆ ಅಕ್ಕ, ಹಿರಿಯಡ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಚಿಕ್ಕಪ್ಪ ಹೋದ ವರ್ಷ ತೀರಿಕೊಂಡರು. ಅವರಿಗೆ ಮಕ್ಕಳಿಲ್ಲ. ಉಡುಪಿ ಹತ್ತಿರದ ಹಿರಿಯಡ್ಕದಿಂದ ಸ್ವಲ್ಪ ಒಳಗೆ ಅವರದ್ದು ಮೂರೂವರೆ ಎಕರೆ ಜಾಗ ಇದೆ. ಅದು ಮಾನಸಿಕ ಕಾಯಿಲೆ ಇರುವವರ ಉಪಯೋಗಕ್ಕೇ ಹೋಗಬೇಕು ಅಂತ ಬರೆದಿಟ್ಟು ಹೋಗಿದ್ದಾರೆ. ಕಾರಣ ನನ್ನ ತಮ್ಮ. ಅವನಿಗೆ ಈಗ 43. ಸ್ಕಿಜೋಫ್ರೇನಿಯಾ ಶುರುವಾದಾಗ 22. ಪ್ರತಿ ಸಲ ಆಸ್ಪತ್ರೆಗೆ ಅವನ ಜೊತೆ ಹೋಗಿ ಬೆಂಚಿನ ಮೇಲೆ ಮಲಗಿದವರು ಚಿಕ್ಕಪ್ಪನೇ.

ನಾವು ಐದು ಜನ ಸೇರಿ ಸಣ್ಣ ಟ್ರಸ್ಟ್ ಮಾಡಿದ್ದೇವೆ. 24 ಹಾಸಿಗೆ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಒಂದು ಡೇ ಕೇರ್, ಮನೆಯವರು ಉಳಿಯಲು ನಾಲ್ಕು ಕೋಣೆ. ಇಷ್ಟೇ ನಮ್ಮ ಆಸೆ.

ಜಾಗ ಹೀಗಿದೆ. ಮೇಲೆ ಬೆಟ್ಟು, ಕೆಳಗೆ ಬೈಲು ಗದ್ದೆ, ನಡುವೆ ಒಂದಾಳೆತ್ತರದ ಮುರಕಲ್ಲಿನ ದರೆ, ಅಂದರೆ ಕಡಿದಾದ ಅಂಚು. ಬೆಟ್ಟಿನಲ್ಲಿ ಎರಡು ದೊಡ್ಡ ಹಲಸು, ಒಂದು ಕಾಟು ಮಾವು, ನಾಲ್ಕು ಪುನರ್ಪುಳಿ. ಬಾವಿಯ ಪಕ್ಕ ಒಂದು ರೆಂಜೆ ಮರ. ಮೂಲೆಯಲ್ಲಿ ನಾಗಬನ, ಅದನ್ನು ಯಾರೂ ಮುಟ್ಟುವುದಿಲ್ಲ.

ಹೋದ ವಾರ ಪ್ಲಾನ್ ಬಂತು. ಮೂರು ಮಹಡಿಯ ಒಂದೇ ಕಟ್ಟಡ. ಮುಂದೆ ಹುಲ್ಲುಹಾಸು, ಕಾರಂಜಿ, ಸಾಲಾಗಿ ಅಲಂಕಾರದ ತಾಳೆ, ಕೆಳಗೆಲ್ಲ ಇಂಟರ್‌ಲಾಕ್. ಅದಕ್ಕೆ 'ಹೀಲಿಂಗ್ ಗಾರ್ಡನ್' ಅಂತ ಹೆಸರು. ಪಾರ್ಕಿಂಗ್‌ಗೆ ಎರಡೂ ಹಲಸು ಹೋಗುತ್ತವೆ. ಮೀಟಿಂಗಿನಲ್ಲಿ ಎಲ್ಲರೂ ಚಂದ ಇದೆ ಅಂದರು. ನನಗೆ ಮಾತ್ರ ಎದೆಯಲ್ಲಿ ಏನೋ ಕೂತ ಹಾಗಾಯಿತು. ಅದು ಏನು ಅಂತ ಆಗ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ.

ಎಂಟು ವರ್ಷದ ಹಿಂದೆ ತಮ್ಮ ಒಂದು ಆಸ್ಪತ್ರೆಯಲ್ಲಿ 40 ದಿನ ಇದ್ದ. ಊರು, ಹೆಸರು ಬೇಡ. ಅಲ್ಲಿನವರು ಕೆಟ್ಟವರೂ ಅಲ್ಲ. ಕೆಳಗೆ ಬಹಳ ಚಂದದ ತೋಟ ಇತ್ತು. ನೋಡಲು ಬಂದ ನಾವೆಲ್ಲ ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಅವನ ವಾರ್ಡ್ ಮೂರನೇ ಮಹಡಿಯಲ್ಲಿ. ಕಿಟಕಿಗೆ ಗ್ರಿಲ್, ಗಾಜಿಗೆ ಒಳಗಿನಿಂದ ಬಿಳಿ ಪೈಂಟ್. ಆ 40 ದಿನದಲ್ಲಿ ಅವನು ತೋಟಕ್ಕೆ ಇಳಿದದ್ದು ಎರಡೇ ಸಲ. ಎರಡೂ ಸಲ ಲಿಫ್ಟ್‌ಗೆ ಕಾದು, ಜೊತೆಗೆ ಒಬ್ಬರು ಬಿಡುವಾಗಿ ಸಿಕ್ಕಿದ ಮೇಲೆ.

ಮನೆಯಲ್ಲಿ ಅವನು ನಡೆಯುತ್ತಾನೆ. ನಮ್ಮದು ಹಳೆಯ ಹಂಚಿನ ಮನೆ, ಸುತ್ತ ಜಗಲಿ. ಬೆಳಿಗ್ಗೆ ಮಾತ್ರೆ ತಿಂದ ಮೇಲೆ ಒಂದು ಗಂಟೆ, ಸಂಜೆ ಒಂದು ಗಂಟೆ, ಜಗಲಿಗೆ ಸುತ್ತು ಹಾಕುತ್ತಾನೆ. ನೆಲ ಕೆಂಪು ಕಾವಿಯದ್ದು. ಅವನು ನಡೆಯುವ ದಾರಿಯಲ್ಲಿ ಬಣ್ಣ ಮಾಸಿ ಒಂದಡಿ ಅಗಲದ ಗೆರೆ ಬಿದ್ದಿದೆ. ಮಳೆ ಬಂದರೂ ನಿಲ್ಲಿಸುವುದಿಲ್ಲ, ಮಾಡಿನ (ಸೂರಿನ) ನೀರು ಬೀಳುವ ಬದಿಯಲ್ಲೇ ನಡೆಯುತ್ತಾನೆ. ಯಾರನ್ನೂ ಕೇಳಬೇಕಾಗಿಲ್ಲ, ಬಾಗಿಲು ತೆರೆದೇ ಇರುತ್ತದೆ.

ನನಗೆ ಬೇಕಾದದ್ದು ಇಷ್ಟೇ. ಕಾಯಿಲೆಯವರು ತಾವಾಗಿ ಎದ್ದು ಹೊರಗೆ ಇಳಿಯುವ ಹಾಗೆ ಇರುವ ಜಾಗ. ಮುಂದಿನ ಮೀಟಿಂಗ್‌ಗೆ ಹೋಗುವಾಗ ಸುಮ್ನೆ 'ಮರ ಕಡಿಯಬೇಡಿ' ಅಂದರೆ ಸಾಲದು, ಅಲ್ವಾ? ಏನು ಕೇಳಲಿ? ಇಂಥ ಜಾಗಗಳಲ್ಲಿ ಕೆಲಸ ಮಾಡಿದವರು, ಕಟ್ಟಿದವರು, ಇದ್ದು ಬಂದವರು ಯಾರಾದರೂ ಹೇಳಿ.

---

ರಾತ್ರಿಪಾಳಿ, ಮಣಿಪಾಲ

ಅಕ್ಕಾ, ನಾನು ಸೈಕಿಯಾಟ್ರಿ ವಾರ್ಡಿನಲ್ಲಿ 21 ವರ್ಷದಿಂದ ನರ್ಸ್. ನಿಮ್ಮ ತಮ್ಮನ ನಡಿಗೆಯ ವಿಷಯ ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ.

ಕೆಲವು ಮಾತ್ರೆಗಳಿಂದ ಒಂದು ಚಡಪಡಿಕೆ ಬರುತ್ತದೆ, ಅಕಥೀಸಿಯಾ ಅನ್ನುತ್ತೇವೆ. ಕೂತಲ್ಲಿ ಕೂರಲು ಆಗುವುದಿಲ್ಲ, ಕಾಲು ನಡೆ ನಡೆ ಅನ್ನುತ್ತದೆ. ಇದನ್ನು ಡಾಕ್ಟರಿಗೆ ಒಮ್ಮೆ ಹೇಳಿ, ಔಷಧಿ ಸರಿಮಾಡಿದರೆ ಕಡಿಮೆ ಆಗಬಹುದು. ಆದರೆ ಹೇಗೂ ನಡೆಯುವ ಜಾಗ ಬೇಕೇ ಬೇಕು. ವಾರ್ಡಿನ ಕಾರಿಡಾರ್ ತುದಿಯಲ್ಲಿ ಗೋಡೆ ಇರುತ್ತದೆ. ನಡೆದು ಹೋದವರು ಗೋಡೆಗೆ ತಾಗಿ ತಿರುಗಬೇಕು, ಎದುರಿಂದ ಇನ್ನೊಬ್ಬರು ಬರುತ್ತಾರೆ, ಭುಜ ತಾಗುತ್ತದೆ, ಜಗಳ ಅಲ್ಲೇ ಶುರು. ನಾನು ಬಿಡಿಸಿದ ಜಗಳಗಳಲ್ಲಿ ಜಾಸ್ತಿ ಸಂಜೆ ನಾಲ್ಕರಿಂದ ಆರರ ನಡುವೆ, ಕಾರಿಡಾರ್ ತುದಿಯಲ್ಲಿ. ಆದ್ದರಿಂದ ದಾರಿ ಸುತ್ತು ಬರಬೇಕು. ಎಲ್ಲಿಯೂ ಮುಗಿಯಬಾರದು. ನಿಮ್ಮ ಜಗಲಿ ಇರುವ ಹಾಗೆ.

ಎರಡನೆಯದು ಬಿಸಿಲು. ನಮ್ಮಲ್ಲಿ ಕೊಡುವ ಎಷ್ಟೋ ಔಷಧಿಗಳು ಮೈಯ ಶಾಖ ಹೊರಹಾಕುವ ಶಕ್ತಿಯನ್ನು ಕಡಿಮೆ ಮಾಡುತ್ತವೆ. ಕ್ಲೋರ್‌ಪ್ರೊಮಜೈನ್ ತಗೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಲಿಥಿಯಂ ತಗೊಳ್ಳುವವರು ಬೆವರಿ ನೀರು ಕಳೆದುಕೊಂಡರೆ ರಕ್ತದಲ್ಲಿ ಲಿಥಿಯಂ ಏರಿ ಅಪಾಯ. ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆ ನಿಮಗೆ ಗೊತ್ತು. ಹುಲ್ಲುಹಾಸು, ತಾಳೆ ಮರದಲ್ಲಿ ನೆರಳು ಎಲ್ಲಿದೆ? ನಿಮ್ಮ ಹಲಸಿನ ನೆರಳು ಔಷಧಿಯಷ್ಟೇ ಮುಖ್ಯ ಅಂತ ಮೀಟಿಂಗಿನಲ್ಲಿ ಹೇಳಿ, ನರ್ಸ್ ಒಬ್ಬರು ಹೇಳಿದರು ಅನ್ನಿ. ದಾರಿ ಬದಿಯಲ್ಲಿ ಎರಡು ಮೂರು ಕಡೆ ಕುಡಿಯುವ ನೀರು ಇರಲಿ. ಮಾತ್ರೆಯಿಂದ ಬಾಯಿ ಒಣಗುತ್ತಲೇ ಇರುತ್ತದೆ.

ನರ್ಸಿಂಗ್ ಸ್ಟೇಷನ್ನಿನಿಂದ ಅಂಗಳ ಕಾಣಬೇಕು. ಇದು ಕಂಡರೆ ಬಾಗಿಲು ತೆರೆದಿಡಲು ನಮಗೆ ಧೈರ್ಯ ಬರುತ್ತದೆ. ಕಾಣದಿದ್ದರೆ ಯಾವ ನರ್ಸ್ ಆದರೂ ಬೀಗ ಹಾಕುತ್ತಾಳೆ, ಅವಳನ್ನು ಬೈಯುವಂತಿಲ್ಲ. ರಾತ್ರಿ ಇಬ್ಬರೇ ಇರುತ್ತೇವೆ. ಅಪಾಯ ಆಗಬಹುದಾದ ಗಿಡ, ಬಾವಿ, ಎತ್ತರದ ದರೆ ಇವನ್ನೆಲ್ಲ ಶುರುವಿನಲ್ಲೇ ಒಬ್ಬ ಸೈಕಿಯಾಟ್ರಿಸ್ಟ್ ಮತ್ತು ಒಬ್ಬ ನರ್ಸ್ ಜೊತೆ ನಡೆದು ನೋಡಿ. ಕಟ್ಟಿದ ಮೇಲೆ ಗ್ರಿಲ್ ಸೇರಿಸಿದರೆ ಜೈಲಿನ ಹಾಗೆ ಕಾಣುತ್ತದೆ. ಮೊದಲೇ ಯೋಚಿಸಿದರೆ ಬೇಲಿಯನ್ನು ದಾಸವಾಳದ ಸಾಲಿನ ಹಿಂದೆ ಇಡಬಹುದು. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1796ರಲ್ಲೇ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಮಾನಸಿಕ ಕಾಯಿಲೆಯವರಿಗೆ ತೆರೆದ ಆಶ್ರಯಧಾಮದಲ್ಲಿ ಕಬ್ಬಿಣದ ಕಿಟಕಿ ಚೌಕಟ್ಟನ್ನು ಮರದ ಚೌಕಟ್ಟಿನ ಹಾಗೆ ಕಾಣುವಂತೆ ಮಾಡಿದ್ದರು. ಅಂಗಳದಲ್ಲಿ ಕೋಳಿ, ಮೊಲ ಸಾಕಿದ್ದರು. ನರ್ಸಿಂಗ್ ಓದುವಾಗ ಕೇಳಿದ್ದು, ಇನ್ನೂ ಮರೆತಿಲ್ಲ.

ಬಾಗಿಲಿನ ವಿಷಯದಲ್ಲಿ ಇನ್ನೊಂದು. ತಮಿಳುನಾಡಿನ ಏರವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಆಶ್ರಮಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರು, ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನೂ ಒಂಟಿ ಕೋಣೆಯಲ್ಲಿ ಕೂಡಿಡುವುದನ್ನೂ ನಿಷೇಧಿಸಿದೆ. ನಿಮ್ಮ ಕೇಂದ್ರಕ್ಕೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯೂ ಬೇಕು, ಈಗಲೇ ವಿಚಾರಿಸಿ.

ಬೈಲಿನಲ್ಲಿ ಗದ್ದೆ ಬಿಟ್ಟು ಸ್ವಲ್ಪ ಜಾಗ ಉಳಿದರೆ ಮಲ್ಲಿಗೆ ಹಾಕಿ. ನಮ್ಮ ಕಡೆಯ ಹೆಂಗಸರಿಗೆ ಶಂಕರಪುರ ಮಲ್ಲಿಗೆ ಕಟ್ಟುವುದು ಕೈಗೇ ಗೊತ್ತು. ವಾರಗಟ್ಟಲೆ ಮಾತಾಡದೆ ಇದ್ದ ಒಬ್ಬ ಅಜ್ಜಿಯ ಮುಂದೆ ಬಾಳೆನಾರು, ಮೊಗ್ಗು ಇಟ್ಟಾಗ ಬೆರಳು ತಾನಾಗಿ ಓಡಿತು. ನಾಲ್ಕು ಚೆಂಡು ಕಟ್ಟಿ, ಒಂದು ಅಟ್ಟೆ ಆಯಿತು ಅಂದರು. ನಾನು ಅವರ ಬಾಯಿಂದ ಕೇಳಿದ ಮೊದಲ ಮಾತು ಅದು. ಆದರೆ ಒಂದು ನೆನಪಿಡಿ. ಕೆಲಸ ಮಾಡಲೇಬೇಕು ಅಂತ ಒತ್ತಾಯಿಸುವ ಹಾಗಿಲ್ಲ, ಮಾಡಿದರೆ ತಕ್ಕ ಸಂಬಳ ಕೊಡಬೇಕು. ಅದೂ ಅದೇ ಕಾಯ್ದೆಯಲ್ಲಿದೆ.

---

ಮುರಕಲ್ಲು, ಮಂಗಳೂರು

ನಾನು ಕಟ್ಟಡದ ಕೆಲಸದವನು. ಪ್ಲಾನ್ ನೋಡದೆ ಹೆಚ್ಚು ಹೇಳಬಾರದು, ಆದರೆ ನೀವು ವಿವರಿಸಿದ್ದು ಕೇಳಿದರೆ ಅದು ಬೇರೆ ಯಾವುದೋ ಊರಿಗೆ ಮಾಡಿದ ಪ್ಲಾನ್.

ನಮ್ಮ ಉಡುಪಿ, ಮಂಗಳೂರಿನಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ಬಯಲಲ್ಲಿರುವ ತೋಟ ವರ್ಷಕ್ಕೆ ನಾಲ್ಕು ತಿಂಗಳು ಇದ್ದೂ ಇಲ್ಲದ ಹಾಗೆ. ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್‌ನ ಮಳೆಯ ದಿನಗಳಲ್ಲಿ) ಮನಸ್ಸು ಕುಗ್ಗಿದವರು ಇನ್ನೂ ಕುಗ್ಗುತ್ತಾರೆ, ಆಗಲೇ ಅವರನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರೆ ಹೇಗೆ? ನಮ್ಮಲ್ಲಿ ಪ್ರಕೃತಿ ಜೊತೆ ಇರಬೇಕಾದರೆ ಮೊದಲು ಮಾಡು ಬೇಕು. ತೋಟ ಆಮೇಲೆ. ಹಿರಿಯರು ಮನೆ ಸುತ್ತ ಜಗಲಿ ಇಟ್ಟದ್ದು, ಮಾಡನ್ನು ಅಷ್ಟು ಕೆಳಗೆ ಇಳಿಸಿದ್ದು, ಪಡುಗಾಳಿ ಹೊಡೆಯುವ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ.

ಆದ್ದರಿಂದ ಒಂದೇ ಅಂತಸ್ತು. 24 ಹಾಸಿಗೆಯನ್ನು ಮೂರು ಮನೆ ಮಾಡಿ, ಒಂದೊಂದರಲ್ಲಿ ಎಂಟು. ನಡುವೆ ಅಂಗಳ, ಸುತ್ತ ಎಂಟಡಿ ಅಗಲದ ಜಗಲಿ. ಇಬ್ಬರು ನಡೆಯುವಾಗ ಒಬ್ಬರು ಕಂಬಕ್ಕೆ ಒರಗಿ ಕೂತಿರಬಹುದು, ತಾಗುವುದಿಲ್ಲ. ಮೂರು ಮನೆಗೂ ಮಾಡು ಇರುವ ದಾರಿ ಜೋಡಿಸಿ. ಪಾಯ, ಮಾಡಿನ ಖರ್ಚು ಜಾಸ್ತಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಲಿಫ್ಟ್, ಮೆಟ್ಟಿಲಿನ ಖರ್ಚು ಉಳಿಯುತ್ತದೆ.

ಮಾಡಿಗೆ ತಗಡಿನ ಶೀಟ್ ಹಾಕಲು ಬಿಡಬೇಡಿ. ಜೋರು ಮಳೆಗೆ ಶೀಟಿನ ಕೆಳಗೆ ಪಕ್ಕದವರ ಮಾತು ಕೇಳುವುದಿಲ್ಲ. ಕಿವಿಯಲ್ಲಿ ಇಲ್ಲದ ಧ್ವನಿ ಕೇಳಿ ಒದ್ದಾಡುವವರು ಅದರ ಕೆಳಗೆ ಹೇಗೆ ಮಲಗಬೇಕು? ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರು ಮಾಡಿದ ಹಂಚು ಇವತ್ತಿಗೂ ನಮ್ಮ ಮಳೆಗೆ ಸರಿ. ಅಡಿಯಲ್ಲಿ ಸೀಲಿಂಗ್ ಹಂಚಿನ ಇನ್ನೊಂದು ಪದರ ಕೊಡಿ. ನಡುವಿನ ಗಾಳಿಯಿಂದ ಸದ್ದೂ ತಗ್ಗುತ್ತದೆ, ಸೆಕೆಯೂ ತಗ್ಗುತ್ತದೆ.

ನೆಲದ ವಿಷಯದಲ್ಲಿ ನನ್ನ ಒಂದು ತಪ್ಪು ಹೇಳುತ್ತೇನೆ. ಒಂದು ವೃದ್ಧಾಶ್ರಮಕ್ಕೆ ಚಂದಕ್ಕೆಂದು ನುಣುಪಾದ ಕಾವಿ ನೆಲ ಮಾಡಿಸಿದ್ದೆ. ಮೊದಲ ಮಳೆಗಾಲದಲ್ಲೇ ನೆಲ ಬೆವರಿ ಒಬ್ಬರು ಬಿದ್ದರು, ಸೊಂಟ ಮುರಿಯಿತು. ಆ ಅಮ್ಮನ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ನಿದ್ದೆ ತರಿಸುವ ಔಷಧಿ ತಗೊಳ್ಳುವವರ ಕಾಲು ಇನ್ನೂ ತೂಗುತ್ತದೆ. ಜಗಲಿಗೆ ಸ್ವಲ್ಪ ತರಿ ಇರುವ ನೆಲ ಹಾಕಿ. ಅಂಗಳದಲ್ಲಿ ಪಾಚಿ ಕಟ್ಟುವ ಕಡೆ, ಮಳೆಗಾಲದಲ್ಲಿ ನಮ್ಮ ಅಜ್ಜಂದಿರು ಅಡಿಕೆ ಮರದ ಸಲಾಕೆ ಹಾಸುತ್ತಿದ್ದ ಹಾಗೆ, ತೆಗೆದು ಹಾಕಬಹುದಾದ ಹಲಗೆ ದಾರಿ ಮಾಡಿ.

ಮರಗಳನ್ನು ಉಳಿಸುತ್ತೇವೆ ಅಂತ ಹೇಳಿ ಬುಡಕ್ಕೆ ಎರಡಡಿ ಮಣ್ಣು ತುಂಬಿದರೆ ಕೆಲವು ವರ್ಷದಲ್ಲಿ ಒಣಗುತ್ತವೆ. ಕೊಂಬೆ ಹರಡಿರುವಷ್ಟು ಜಾಗದಲ್ಲಿ ಅಗೆಯಬೇಡಿ, ತುಂಬಿಸಬೇಡಿ. ಮೊದಲು ಮರಗಳನ್ನು ನಕ್ಷೆಯಲ್ಲಿ ಗುರುತಿಸಿ, ಆಮೇಲೆ ಕಟ್ಟಡಕ್ಕೆ ಜಾಗ ಹುಡುಕಲಿ. ಹಣ್ಣು ಬೀಳುವ ಕಡೆ, ತೆಂಗಿನ ಅಡಿ, ಬೆಂಚು ಹಾಕಬೇಡಿ.

ಮೀಟಿಂಗಿನಲ್ಲಿ 'ಇದಕ್ಕೆಲ್ಲ ಪುರಾವೆ ಏನು' ಅಂತ ಕೇಳಿಯೇ ಕೇಳುತ್ತಾರೆ. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿ. ಪಿತ್ತಕೋಶದ ಆಪರೇಷನ್ ಆದ 46 ಜನ. ಅರ್ಧದಷ್ಟು ಜನರ ಕಿಟಕಿಗೆ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಜೋರು ನೋವಿನ ಮದ್ದು ಕಡಿಮೆ ಕೇಳಿದರು. ಅದು ಮನಸ್ಸಿನ ಕಾಯಿಲೆಯ ವಾರ್ಡ್ ಅಲ್ಲ ಅನ್ನಬಹುದು. ಹಾಗಾದರೆ ಸ್ವೀಡನ್ನಿನ ಗೋಥೆನ್‌ಬರ್ಗ್ ಇದೆ. ಅಲ್ಲಿ ಒಂಟಿ ಕೋಣೆ, ಕೈತೋಟ, ಬೆಳಕು ಇರುವ ಹೊಸ ಸೈಕಿಯಾಟ್ರಿ ಕಟ್ಟಡ ಮಾಡಿದ ಮೇಲೆ, ರೋಗಿಗಳನ್ನು ಕಟ್ಟಿಹಾಕಬೇಕಾದ ಪ್ರಸಂಗಗಳು ಹಳೆಯ ಕಟ್ಟಡಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದವು. ಇದರಲ್ಲೂ ಉಲ್ರಿಚ್ ಇದ್ದರು, 2018ರಲ್ಲಿ ಪ್ರಕಟವಾಯಿತು.

ಒಂದು ಕೆಲಸ ಮಾಡಿ. ನಿಮ್ಮ ಜಗಲಿಯನ್ನು ಟೇಪ್ ಹಿಡಿದು ಅಳೆಯಿರಿ. ತಮ್ಮ ಎಷ್ಟು ಹೆಜ್ಜೆಗೆ ತಿರುಗುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಏನು ನೋಡುತ್ತಾರೆ ಅಂತ ಬರೆದುಕೊಳ್ಳಿ. ಆರ್ಕಿಟೆಕ್ಟ್ ಮುಂದೆ ಅದನ್ನು ಇಡಿ. ಇದಕ್ಕಿಂತ ಒಳ್ಳೆಯ ನಕ್ಷೆ ಇರಲಾರದು.

---

ಸುರತ್ಕಲ್ ಹುಡುಗ

ಗಿಡಮರ ಜಾಸ್ತಿ ಆದರೆ ಸೊಳ್ಳೆ, ಹಾವು? ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ ನೋಡಿ ಸಾಕಾಗಿದೆ.

---

ರಾತ್ರಿಪಾಳಿ, ಮಣಿಪಾಲ

ಸರಿಯಾದ ಪ್ರಶ್ನೆ. ಆ ಕಾರಂಜಿಯೇ ಮೊದಲ ಸೊಳ್ಳೆ ತೊಟ್ಟಿ, ಪಂಪ್ ಕೆಟ್ಟ ದಿನದಿಂದ. ನಿಂತ ನೀರು ಇದ್ದರೆ ಗಪ್ಪಿ ಮೀನು ಬಿಡಬೇಕು, ಕಿಟಕಿಗಳಿಗೆಲ್ಲ ಬಲೆ ಬೇಕು. ಹಾವಿಗೆ ಜಗಲಿಯ ಎತ್ತರ, ರಾತ್ರಿ ದಾರಿಯಲ್ಲಿ ಬೆಳಕು, ಮನೆ ಸುತ್ತ ಹತ್ತಡಿ ಹುಲ್ಲು ಸವರಿದ ಜಾಗ. ನಮ್ಮ ಮನೆಗಳಲ್ಲಿ ಮಾಡುವುದೇ ಅಲ್ವಾ.

---

ಕಿನ್ನಿಗೋಳಿ ಬಸ್ಸು

ನಾನು ಇದ್ದು ಬಂದವನು. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿಯಾಗಿ ಏರಿ ಒಮ್ಮೆ ಪೂರ್ತಿ ಕುಗ್ಗುವ ಕಾಯಿಲೆ. ಮೂರು ಸಲ ಅಡ್ಮಿಟ್ ಆಗಿದ್ದೇನೆ. ಈಗ ಕೆಲಸಕ್ಕೆ ಹೋಗುತ್ತಿದ್ದೇನೆ.

ಖಿನ್ನತೆಯಲ್ಲಿ ಇದ್ದಾಗ ನಾನು ಎದ್ದೇಳುತ್ತಿರಲಿಲ್ಲ. ಜಗಲಿ, ಅಂಗಳ ಎಲ್ಲ ಇದ್ದರೂ ಹೋಗುತ್ತಿರಲಿಲ್ಲ. ಮಲಗಿದವನ ಕಣ್ಣಿಗೆ ಏನು ಕಾಣುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ನನಗೆ ಕಾಣುತ್ತಿದ್ದದ್ದು ಟ್ಯೂಬ್‌ಲೈಟ್ ಮತ್ತು ಫ್ಯಾನ್. ಕಿಟಕಿಯ ಕೆಳದಂಡೆ ಹಾಸಿಗೆಯ ಮಟ್ಟಕ್ಕೆ ಇರಲಿ. ತಲೆ ಎತ್ತದೆ ಎಲೆ ಕಾಣಬೇಕು. ಮಲಗುವ ಕೋಣೆ ಮೂಡು ಬದಿಗೆ ಇರಲಿ. ಇಟಲಿಯ ಮಿಲಾನ್‌ನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೂರ್ವದ ಬೆಳಗಿನ ಬಿಸಿಲು ಬರುವ ಕೋಣೆಯಲ್ಲಿದ್ದ ಬೈಪೋಲಾರ್ ಖಿನ್ನತೆಯವರು, ಪಶ್ಚಿಮದ ಕೋಣೆಯವರಿಗಿಂತ ಸರಾಸರಿ 3.67 ದಿನ ಮೊದಲೇ ಮನೆಗೆ ಹೋದರು. ನನ್ನ ಡಾಕ್ಟರ್ ಹೇಳಿದ ಮೇಲೆ ಹುಡುಕಿ ಓದಿದೆ. ನಮ್ಮ ಹಳೆಯ ಮನೆಗಳೂ ಮೂಡಿಗೇ ಮುಖ ಮಾಡಿವೆ.

ಗಾರ್ಡನ್ ಟೈಮ್ ಅಂತ ಇಡಬೇಡಿ. ಐದರಿಂದ ಐದೂವರೆ ಅಂತ ಗಂಟೆ ಹೊಡೆದು ಕರೆದುಕೊಂಡು ಹೋದರೆ ಅದು ಡ್ರಿಲ್ ಕ್ಲಾಸ್. ನನಗೆ ರಾತ್ರಿ ಮೂರಕ್ಕೆ ನಿದ್ದೆ ಬಿಡುತ್ತಿತ್ತು. ಆಗ ಹೊರಗೆ ಐದು ನಿಮಿಷ ಕೂರಲು ಬಿಟ್ಟಿದ್ದರೆ ಸಾಕಿತ್ತು.

ಒಬ್ಬನೇ ಅಳುವ ಜಾಗವೂ ಬೇಕು. ವಾರ್ಡಿನಲ್ಲಿ ಅದು ಬಾತ್‌ರೂಮ್ ಮಾತ್ರ. ಹೊರಗೆ ಮರದ ಅಡಿಯಲ್ಲಿ ಒಬ್ಬರೇ ಕೂರುವ ಕಲ್ಲು, ದಾರಿಗೆ ಬೆನ್ನು ಹಾಕಿ ಕೂರುವ ಹಾಗೆ. ನರ್ಸ್‌ಗೆ ತಲೆ ಕಂಡರೆ ಸಾಕು, ಮುಖ ಕಾಣಬೇಕಾಗಿಲ್ಲ.

ಕೊನೆಗೆ, ಬಸ್ಸು. ಪ್ರಕೃತಿ ಅಂತ ನಮ್ಮನ್ನು ಕಾಡಿನಲ್ಲಿ ಇಡಬೇಡಿ. ಅದು ನಮ್ಮನ್ನು ಕಣ್ಣಿಗೆ ಬೀಳದ ಹಾಗೆ ಮಾಡುವ ಹಳೆಯ ದಾರಿಯೇ. ಹಿರಿಯಡ್ಕ ಪೇಟೆಗೆ ನಡೆದು ಹೋಗಿ ಒಂದು ಚಾ ಕುಡಿದು ಬರುವಷ್ಟು ಹತ್ತಿರ ಇದೆಯಾ? ಬೆಲ್ಜಿಯಂನ ಗೀಲ್ ಎಂಬ ಊರಿನಲ್ಲಿ ನೂರಾರು ವರ್ಷದಿಂದ ಮನಸ್ಸಿನ ಕಾಯಿಲೆಯವರನ್ನು ಊರಿನ ಮನೆಗಳಲ್ಲೇ ಇಟ್ಟುಕೊಳ್ಳುತ್ತಾರೆ. ಊರಿನ ಜನರ ನಡುವೆ ಇರುವುದೂ ಹೊರಗಿನ ಗಾಳಿಯೇ.

---

ಬೆಟ್ಟುಮನೆ ಅಕ್ಕ, ಹಿರಿಯಡ್ಕ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಮೀಟಿಂಗ್ ಆಯಿತು. ಇಲ್ಲಿ ಬಂದದ್ದನ್ನೆಲ್ಲ ಪ್ರಿಂಟ್ ತೆಗೆದು ಒಬ್ಬೊಬ್ಬರಿಗೆ ಕೊಟ್ಟೆ. ಮೂರು ಮಹಡಿ ಬಿಡಲು ಇಬ್ಬರಿಗೆ ಇನ್ನೂ ಮನಸ್ಸಿಲ್ಲ, ಹಣದ ಚಿಂತೆ. ಮೊದಲು ಒಂದೇ ಮನೆ, ಎಂಟು ಹಾಸಿಗೆ ಮತ್ತು ಡೇ ಕೇರ್ ಕಟ್ಟೋಣ ಅಂತ ಒಪ್ಪಿದ್ದಾರೆ. ಹಲಸು ಎರಡೂ ಉಳಿಯುತ್ತವೆ, ಪಾರ್ಕಿಂಗ್ ರಸ್ತೆ ಬದಿಗೆ ಹೋಗುತ್ತದೆ. ಕಾರಂಜಿ ಇಲ್ಲ. ಭೂ ಪರಿವರ್ತನೆಯ ಅರ್ಜಿ ಬೆಟ್ಟಿಗೆ ಮಾತ್ರ, ಬೈಲು ಗದ್ದೆಯಾಗಿಯೇ ಇರುತ್ತದೆ.

ಕಿನ್ನಿಗೋಳಿ ಬಸ್ಸಿನವರೇ, ನಮ್ಮ ಜಾಗದಿಂದ ಬಸ್ ಸ್ಟಾಪಿಗೆ 12 ನಿಮಿಷ. ನಾನೇ ನಡೆದು ನೋಡಿದೆ. ಸ್ಟಾಪಿನ ಪಕ್ಕ ಒಂದು ಚಾದ ಅಂಗಡಿ ಇದೆ. ಮುಂದಿನ ತಿಂಗಳು ಆರ್ಕಿಟೆಕ್ಟ್ ಜಾಗ ನೋಡಲು ಬರುತ್ತಾರೆ. ನಿಮಗೆ ಆಗುವುದಾದರೆ ನೀವೂ ಬನ್ನಿ. ಹಾಸಿಗೆ ಇಡುವ ಕಡೆ ಒಂದು ಚಾಪೆ ಹಾಕಿ ಮಲಗಿ, ಏನು ಕಾಣುತ್ತದೆ ಅಂತ ಅವರಿಗೆ ಹೇಳಿ.

ರಾತ್ರಿಪಾಳಿ, ಡಾಕ್ಟರಿಗೆ ಚಡಪಡಿಕೆಯ ವಿಷಯ ಹೇಳಿದೆವು. ಒಂದು ಮಾತ್ರೆ ಬದಲಿಸಿದ್ದಾರೆ, ನೋಡಬೇಕು.

ಜಗಲಿ ಅಳೆದೆ. ಟೇಪಿನ ಇನ್ನೊಂದು ತುದಿ ಹಿಡಿದದ್ದು ತಮ್ಮನೇ. ಅಗಲ ಐದೂಕಾಲು ಅಡಿ. ಒಂದು ಸುತ್ತಿಗೆ ಅವನಿಗೆ 118 ಹೆಜ್ಜೆ. ತೆಂಕು ಬದಿಯಲ್ಲಿ ಬೇಗ ನಡೆಯುತ್ತಾನೆ, ಅಲ್ಲಿ ಬರೀ ಗೋಡೆ. ಮೂಡು ಬದಿಯಲ್ಲಿ ನಿಧಾನ. ಪ್ರತಿ ಸುತ್ತಿಗೂ ಒಂದೇ ಕಂಬದ ಹತ್ತಿರ ನಿಲ್ಲುತ್ತಾನೆ, ಅಲ್ಲಿಂದ ಬಾವಿಕಟ್ಟೆ ಕಾಣುತ್ತದೆ. ಏನು ನೋಡುತ್ತೀ ಅಂತ ಇಷ್ಟು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ನಿನ್ನೆ ಕೇಳಿದೆ. ರಾಟೆಯ ಮೇಲೆ ಮಡಿವಾಳ ಹಕ್ಕಿ ಬಂದು ಕೂರುತ್ತದೆ, ಬಂದಿದೆಯಾ ಅಂತ ನೋಡುವುದು ಅಂದ. ಆ ಕಂಬದ ಜಾಗವನ್ನೂ ನಕ್ಷೆಯಲ್ಲಿ ಬರೆದಿದ್ದೇನೆ. ಪಕ್ಕದಲ್ಲಿ ಹಕ್ಕಿ ಅಂತ ಅವನೇ ಬರೆದಿದ್ದಾನೆ.